ಕರಗಿದ ಲಸಿಕೆ

"ಹತ್ತಿರ ಬಂದ್ರೆ ತಲೆ ಒಡೀತೀನಿ!"

ಸ್ಪ್ಯಾನರ್ ಎತ್ತಿ ನಿಂತಿದ್ದವರು ನನ್ನ ಭಾವ. ಅಕ್ಕನ ಗಂಡ. ಲಸಿಕೆ ಕಂಪನಿಯ ವ್ಯಾನ್ ಡ್ರೈವರ್.

ವ್ಯಾನ್ ಚರಂಡಿಗೆ ಇಳಿದಿತ್ತು. ನನ್ನ ಬೈಕ್ ರಸ್ತೆಯಲ್ಲಿ ಮಲಗಿತ್ತು. ಮೊಣಕಾಲಿನಿಂದ ರಕ್ತ...

ನನ್ನದು ಪತ್ತೇದಾರಿ ಕೆಲಸ, ಸಾರ್. ಕರೆಸಿದ್ದು ಕೋಳಿಮರಿ ಹ್ಯಾಚರಿಯ ಮಾಲೀಕ. ಲಸಿಕೆ ಹಾಕಿದ ಮರಿಗಳೇ ಕೋಳಿಗಳಿಗೆ ಬರುವ ಕೊಕ್ಕರೆ ರೋಗಕ್ಕೆ ಸಾಲುಸಾಲಾಗಿ ಸತ್ತಿದ್ದವು. ಕತ್ತು ತಿರುಚಿಕೊಂಡು, ಒಂದರ ಮೇಲೊಂದು. ಮೊಟ್ಟೆಗೆ ಲಸಿಕೆ ಚುಚ್ಚುವ ಮೆಷಿನ್ ನಡೆಸುತ್ತಿದ್ದ ಹುಡುಗಿಯದೇ ತಪ್ಪು ಅಂತ ಪೊಲೀಸರು ಅವಳನ್ನು ಒಳಗೆ ಹಾಕಿದ್ದರು. ಇವತ್ತು ಬೆಳಿಗ್ಗೆ, ಅದೇ ಲೋಡಿನಲ್ಲಿ ಉಳಿದಿದ್ದ ಲಸಿಕೆಯ ಕ್ಯಾನ್ ಮಾಯ!

ಅದನ್ನು ಹೊತ್ತೊಯ್ದ ವ್ಯಾನನ್ನು ಬೆನ್ನಟ್ಟಿದೆ. ವ್ಯಾನಿನಿಂದ ಇಳಿದದ್ದು ಭಾವ!

"ಕ್ಯಾನ್ ಯಾಕೆ ಕದ್ರಿ ಭಾವ?"

"ಇದನ್ನೂ ಚುಚ್ಚಿಬಿಡ್ತಿದ್ರು ಕಣೋ... ಇದು ಕೆಟ್ಟಿದೆ."

"ಅಂದ್ರೆ?"

"ಇದು ಹೊಸ ಥರದ್ದು. ಕೋಳಿಗೆ ಏನೂ ಮಾಡದ ವೈರಸ್‌ನೊಳಗೆ ರೋಗದ ಒಂದು ಚೂರು ಸೇರಿಸಿರ್ತಾರೆ. ಮರಿ ಮೊಟ್ಟೆಯಲ್ಲಿದ್ದಾಗಲೇ ರೋಗದ ಗುರುತು ಹಿಡಿಯೋದು ಕಲಿಯುತ್ತೆ. ಆದ್ರೆ ಕೊರೆಯೋ ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟೇ ಇರ್ಬೇಕು. ಒಂದು ಸಲ ಕರಗಿ ಕೂತ್ರೆ ಮುಗೀತು. ಮತ್ತೆ ಹೆಪ್ಪುಗಟ್ಟಿಸಿದ್ರೂ ಬರೀ ನೀರು."

"ಕರಗೋಕೆ ಯಾಕೆ ಬಿಟ್ರಿ?"

ಸ್ಪ್ಯಾನರ್ ಅರ್ಧಕ್ಕೆ ಇಳಿಯಿತು.

"ನೀನೇ ಫೋನ್ ಮಾಡಿದ್ಯಲ್ಲೋ... ಆಸ್ಪತ್ರೆಯಿಂದ."



ಆ ದಿನ ಅಕ್ಕನ ಹೆರಿಗೆ. ಮಗು ಅಳಲೇ ಇಲ್ಲ. ಆ ಪುಟ್ಟ ಬಟ್ಟೆಗಂಟನ್ನು ತೊಡೆಯ ಮೇಲಿಟ್ಟುಕೊಂಡು ಭಾವ ಕತ್ತಲಾಗುವವರೆಗೂ ಕೂತಿದ್ದರು. ಹೊರಗೆ ಬಿಸಿಲಿನಲ್ಲಿ ವ್ಯಾನ್. ಒಳಗೆ, ದಾರಿಯಲ್ಲಿ ನೈಟ್ರೋಜನ್ ತುಂಬಿಸಬೇಕಿದ್ದ ಕ್ಯಾನ್‌ಗಳು...

"ಮಾರನೇ ದಿನ ತೆಗೆದು ನೋಡಿದ್ರೆ ನೈಟ್ರೋಜನ್ ಎಲ್ಲಾ ಆವಿಯಾಗಿ ಒಣಗಿತ್ತು! ಕೆಲಸ ಹೋಗುತ್ತೆ ಅಂತ ಹೊಸದಾಗಿ ನೈಟ್ರೋಜನ್ ತುಂಬಿಸಿ ಕೊಟ್ಟುಬಿಟ್ಟೆ. ಮೊನ್ನೆ ಮರಿಗಳು ಸತ್ತುಬಿದ್ದಿದ್ದ ಆ ಶೆಡ್ ನೋಡ್ದೆ... ಇದನ್ನ ಸುಟ್ಟು ಎಲ್ಲಾದ್ರೂ ಹೋಗ್ತೀನಿ. ಬಿಟ್ಟುಬಿಡೋ!"

"ಇದೇ ಸಾಕ್ಷಿ. ಸುಟ್ರೆ ಆ ಹುಡುಗಿ ಹೊರಗೆ ಬರಲ್ಲ, ಭಾವ."

ಅವರು ನನ್ನನ್ನೇ ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ.

ಸ್ಪ್ಯಾನರ್ ಕೆಳಗೆ ಬಿತ್ತು.

ಸ್ಟೇಷನ್ನಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡರು. ಆಸ್ಪತ್ರೆಯ ಮಾತು ಮಾತ್ರ ಎತ್ತಲಿಲ್ಲ. ನಾನೇ ಹೇಳಿದೆ. ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿಕೊಂಡ.

ಹುಡುಗಿ ಹೊರಬಂದಳು. ಯಾರ ಮುಖವನ್ನೂ ನೋಡದೆ ಗೇಟು ದಾಟಿದಳು.

ಫೋನ್ ಬಡಿದುಕೊಂಡಿತು. ಅಕ್ಕ!

"ಊಟಕ್ಕೆ ಇಬ್ರೂ ಬರ್ತೀರೇನೋ?"

ಎಂಥೆಂಥ ರೌಡಿಗಳನ್ನು ಗದರಿಸಿದವನು ನಾನು, ಸಾರ್. ಸ್ಟೇಷನ್ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಒಬ್ಬನೇ ಅಕ್ಕಾ... ವಿಷಯ ಕೇಳಿದ ಮೇಲೂ ನೀನು ಬಾಗಿಲು ತೆಗೆದ್ರೆ!"