ಗರ್ಭಕವಚ ಮತ್ತು ಎಂಟು ಮೆಟ್ಟಿಲು

ದುರುಗವ್ವನ ಬಲಗಾಲು ಆಸ್ಪತ್ರೆಯ ಮೂರನೆಯ ಮೆಟ್ಟಿಲಿನ ಮೇಲೆ ಜಾರಿದಾಗ ಗಂಟೆ ಒಂಬತ್ತು ಇಪ್ಪತ್ತು. ಅವಳು ಕಲ್ಲಿಗೆ ಬಡಿಯುವ ಮೊದಲೇ ಹೊಟ್ಟೆಗೆ ಕಟ್ಟಿದ್ದ ಪಟ್ಟಿ ಬುಸ್ಸೆಂದು ಉಬ್ಬಿ, ಸೊಂಟದಿಂದ ಎದೆಯವರೆಗೆ ಗಾಳಿಯ ದಿಂಬಾಗಿ ಸುತ್ತಿಕೊಂಡಿತು. ಪೆಟ್ಟನ್ನೆಲ್ಲ ದಿಂಬೇ ನುಂಗಿತು. ಪಟ್ಟಿಯ ಅಂಚಿನ ಪುಟ್ಟ ಪರದೆಯ ಮೇಲೆ ಏಳು ತಿಂಗಳ ಕೂಸಿನ ಎದೆಬಡಿತ ಮೂಡಿತು: ನಿಮಿಷಕ್ಕೆ ನೂರ ನಲವತ್ತೆರಡು. ಕೂಸಿಗೆ ಏನೂ ಆಗಿರಲಿಲ್ಲ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಬಿದ್ದವಳನ್ನು ಎಬ್ಬಿಸಲು ಮಾತ್ರ ಯಾರೂ ಬಾಗಲಿಲ್ಲ, ಎಲ್ಲರೂ ವಿಡಿಯೊ ತೆಗೆಯುವುದರಲ್ಲಿದ್ದರು.

ಇದು ೨೦೫೬ರ ಮಾತು. ಆ ಪಟ್ಟಿಯ ಹೆಸರು ಗರ್ಭಕವಚ, ಅದನ್ನು ಕಂಡುಹಿಡಿದವಳು ಡಾಕ್ಟರ್ ಅನಘಾ ಹಾವನೂರ. ತಿಂಗಳು ತುಂಬುತ್ತಾ ಬಂದಂತೆ ಬಸುರಿಯ ದೇಹದ ಭಾರ ಮುಂದಕ್ಕೆ ಸರಿಯುತ್ತದೆ, ಕೀಲುಗಳು ಸಡಿಲವಾಗುತ್ತವೆ, ಕಾಲ ಬೆರಳು ಕಣ್ಣಿಗೆ ಕಾಣುವುದಿಲ್ಲ. ಬಿದ್ದಾಗ ಹೊಟ್ಟೆಗೆ ಜೋರಾಗಿ ಪೆಟ್ಟಾದರೆ, ಕೂಸಿಗೆ ಉಸಿರು ಕೊಡುವ ಮಾಸು ಗರ್ಭಕೋಶದ ಗೋಡೆಯಿಂದ ಕಿತ್ತುಬರಬಹುದು. ಅನಘಾಳ ಕವಚ ದೇಹ ವಾಲುವುದನ್ನು ಕಣ್ಣು ಮಿಟುಕಿಸುವುದರೊಳಗೆ ಅಳೆದು, ನೆಲ ಬರುವ ಮೊದಲೇ ಬಿಚ್ಚಿಕೊಳ್ಳುತ್ತಿತ್ತು. ಅದ್ಭುತವಾದ ಯಂತ್ರ, ಸಂಶಯವಿಲ್ಲ. ಅದಕ್ಕಾಗಿ ಅವಳಿಗೆ ಹೊದಿಸಿದ ಶಾಲುಗಳಲ್ಲಿ ಒಂದು ಹೆರಿಗೆ ವಾರ್ಡಿಗಾಗುವಷ್ಟು ಹೊದಿಕೆ ಹೊಲಿಸಬಹುದಿತ್ತು. ಅವಳೂ ಬೇಡವೆನ್ನದೆ ಹೊದ್ದುಕೊಂಡಳು.

ಪ್ರತಿ ಕವಚವೂ ತಾನು ಬಿಚ್ಚಿಕೊಂಡ ಜಾಗವನ್ನು ಅನಘಾಳ ಪ್ರಯೋಗಾಲಯಕ್ಕೆ ತಿಳಿಸುತ್ತಿತ್ತು. ಒಂದು ವರ್ಷದ ನಕ್ಷೆ ಕೈಗೆ ಬಂದಾಗ ಅವಳ ಮುಖ ಸಪ್ಪಗಾಯಿತು. ಇಡೀ ಜಿಲ್ಲೆಯಲ್ಲಿ ಬಸುರಿಯರು ಅತಿ ಹೆಚ್ಚು ಬಿದ್ದ ಜಾಗ ಬಚ್ಚಲಲ್ಲ, ಕೆರೆಯ ದಂಡೆಯಲ್ಲ, ಬಸ್ಸಿನ ಬಾಗಿಲೂ ಅಲ್ಲ. ಅದು ಹಿರೇಕಲ್ಲೂರಿನ ಹೆರಿಗೆ ಆಸ್ಪತ್ರೆಯ ಎಂಟು ಮೆಟ್ಟಿಲು.

ಕಾರಣ ಹುಡುಕಲು ವಿಜ್ಞಾನಿಯೇ ಬೇಕಿರಲಿಲ್ಲ. ಮಂತ್ರಿಯೊಬ್ಬರು ಉದ್ಘಾಟನೆಗೆ ಬರುತ್ತಾರೆಂದು ಆ ಮೆಟ್ಟಿಲುಗಳಿಗೆ ಕನ್ನಡಿಯಂತೆ ಹೊಳೆಯುವ ಕರಿಕಲ್ಲು ಹಾಕಿದ್ದರು. ಗುರುವಾರ ಬಸುರಿಯರ ತಪಾಸಣೆ. ಹತ್ತಕ್ಕೆ ಮೇಲಿನ ಸಾಹೇಬರು ಬರುವ ಸಂಭವವಿರುವುದರಿಂದ ಒಂಬತ್ತಕ್ಕೆ ಸರಿಯಾಗಿ ಫಿನಾಯಿಲು ನೀರು ಸುರಿದು ಮೆಟ್ಟಿಲು ಒರೆಸುತ್ತಿದ್ದರು. ಸಾಹೇಬರು ನಾಲ್ಕು ವರ್ಷದಿಂದ ಬಂದಿರಲಿಲ್ಲ. ಬಸುರಿಯರು ಮಾತ್ರ ತಪ್ಪದೆ ಬರುತ್ತಿದ್ದರು.

ಅನಘಾ ನಕ್ಷೆ ಹಿಡಿದು ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ಮಹಾಂತೇಶ ಗಡ್ಡಿಯ ಬಳಿಗೆ ಹೋದಳು. ಆತ ನಕ್ಷೆ ನೋಡಿ ಸಂತೋಷಪಟ್ಟ. ಬಿಚ್ಚಿಕೊಂಡ ಕವಚವೊಂದಕ್ಕೆ ಉಳಿದ ಕೂಸೊಂದು ಎಂದು ಲೆಕ್ಕ ಹಾಕಿ, ಜಿಲ್ಲೆಯಲ್ಲೇ ಅತಿ ಹೆಚ್ಚು ಕೂಸುಗಳನ್ನು ಉಳಿಸಿದ ಆಸ್ಪತ್ರೆ ತಮ್ಮದೇ ಎಂದ. ಒರೆಸುವ ಹೊತ್ತು ಬದಲಿಸಲು ಮೇಲಿನಿಂದ ಆದೇಶ ಬರಬೇಕು, ಕಲ್ಲು ಕೀಳಿಸೋಣವೆಂದರೆ ಅದರ ಮೇಲೆ ಮಂತ್ರಿಯ ಹೆಸರಿದೆ ಎಂದ. ಇಂಥ ತಲೆಗೆ ವೈದ್ಯಕೀಯ ಪದವಿ ಹೇಗೆ ಸಿಕ್ಕಿತೋ ಆ ವಿಶ್ವವಿದ್ಯಾಲಯವೇ ಹೇಳಬೇಕು. ಅನಘಾ ಕೆಳಗಿಳಿದು ಬಂದಳು, ಗೋಡೆ ಹಿಡಿದುಕೊಂಡು.

ಕೆಳಗೆ ದುರುಗವ್ವ ನಿಂತಿದ್ದಳು. ಬಿದ್ದು ವಾರವಾಗಿತ್ತು. ಒಮ್ಮೆ ಉಬ್ಬಿದ ಕವಚಕ್ಕೆ ಅದನ್ನು ಉಬ್ಬಿಸುವ ಅನಿಲದ ಹೊಸ ಕೊಳವೆ ಹಾಕಿಸಬೇಕು. ಕವಚವನ್ನು ಬೇರೆಯವರ ಕೈಯಲ್ಲಿ ಕಳಿಸುವಂತಿಲ್ಲ, ಬಸುರಿಯೇ ಖುದ್ದು ಬರಬೇಕು. ಕೊಳವೆ ಹಾಕುವ ಕೋಣೆ ಇದ್ದದ್ದು ಮೆಟ್ಟಿಲುಗಳ ಮೇಲೆ. ಅಂದರೆ ಬಿದ್ದವಳು ಅದೇ ಒದ್ದೆ ಮೆಟ್ಟಿಲನ್ನು ಈ ಸಲ ಕವಚವಿಲ್ಲದೆ ಹತ್ತಬೇಕು. ಈ ನಿಯಮಕ್ಕೆ ಐದು ಜನ ಸಹಿ ಹಾಕಿದ್ದರು, ಅವರಲ್ಲಿ ಅನಘಾಳೂ ಒಬ್ಬಳು.

ದುರುಗವ್ವ ಮೂರು ವರ್ಷದ ಹಿಂದೆ, ಕವಚ ಬರುವ ಮುಂಚೆ, ಇದೇ ಮೆಟ್ಟಿಲಿನ ಮೇಲೆ ಬಿದ್ದು ಆರು ತಿಂಗಳ ಕೂಸನ್ನು ಕಳೆದುಕೊಂಡಿದ್ದಳು. ಈಗ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಅನಘಾಳನ್ನೇ ನೋಡಿದಳು.

"ಕೂಸು ಉಳಸಾಕ ಕವಚ ಮಾಡೀರಿ, ಭಾಳ ಛಲೋ ಆತು. ಬೀಳಸಾಕ ಈ ಕಲ್ಲು ಯಾಕ ಇಟ್ಟೀರಿ?"

ಅಷ್ಟು ಶಾಲು ಹೊದ್ದ ಅನಘಾಳಿಗೆ ಆ ಕ್ಷಣ ತನ್ನ ಮೇಲೆಯೇ ಹೇಸಿಗೆಯಾಯಿತು.

ದುರುಗವ್ವ ಉತ್ತರಕ್ಕೆ ಕಾಯಲಿಲ್ಲ. ಅವಳದು ಬೀಸುವ ಕಲ್ಲಿಗೆ ಮುಳ್ಳು ಹಾಕುವ ಮನೆತನ. ಸವೆದು ನುಣುಪಾದ ಕಲ್ಲಿನ ಮೇಲೆ ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆದು ಒರಟು ಮಾಡುವ ಕೆಲಸ. ಬೀಸುವ ಕಲ್ಲು ಮತ್ತೆ ಶ್ರೀಮಂತರ ಷೋಕಿಯಾಗಿದ್ದ ಕಾಲವಾದ್ದರಿಂದ ಉಳಿ ಸುತ್ತಿಗೆ ಅವಳ ಚೀಲದಲ್ಲೇ ಇದ್ದವು. ನೆಲದ ಮೇಲೆ ಕೂತು ಮೊದಲ ಮೆಟ್ಟಿಲಿಗೆ ಹೊಡೆಯತೊಡಗಿದಳು. ಅದು ಒರಟಾದ ಮೇಲೆ ಅದರ ಮೇಲೆ ಕೂತು ಎರಡನೆಯದಕ್ಕೆ. ಅನಘಾ ಇನ್ನೊಂದು ಜೊತೆ ಉಳಿ ಸುತ್ತಿಗೆ ಎತ್ತಿಕೊಂಡು ಹೆಬ್ಬೆರಳು ಜಜ್ಜಿಕೊಂಡಳು, ಆದರೂ ಬಿಡಲಿಲ್ಲ.

ಗಡ್ಡಿ ಮೇಲಿನಿಂದಲೇ ಕೂಗಿದ: "ಮೇಡಂ, ಅದು ಸರಕಾರಿ ಆಸ್ತಿ. ನಿಮ್ಮ ಕವಚ ಇರೋವಾಗ ಕಲ್ಲು ಯಾಕ ಕೆಡಸತೀರಿ?" ಇಳಿದು ಬಂದು ತಡೆಯುವ ಧೈರ್ಯ ಮಾಡಲಿಲ್ಲ. ಮೆಟ್ಟಿಲು ಒದ್ದೆಯಾಗಿತ್ತು.

ಸಂಜೆಯ ಹೊತ್ತಿಗೆ ಎಂಟೂ ಮೆಟ್ಟಿಲುಗಳ ನಡುವೆ ಎರಡು ಪಾದ ಊರುವಷ್ಟು ಅಗಲದ ಒರಟು ದಾರಿಯಾಯಿತು. ದುರುಗವ್ವ ಅದರ ಮೇಲೆ ಹತ್ತಿ ಕೊಳವೆ ಹಾಕಿಸಿಕೊಂಡಳು. ಆಮೇಲಿನ ಎಂಟು ಗುರುವಾರಗಳಲ್ಲಿ ಅಲ್ಲಿ ಒಂದು ಕವಚವೂ ಬಿಚ್ಚಿಕೊಳ್ಳಲಿಲ್ಲ. ಅವಳಿಗೆ ಹೆಣ್ಣು ಕೂಸು ಹುಟ್ಟಿತು. ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡು ಯಾರ ಆಸರೆಯೂ ಇಲ್ಲದೆ ಇಳಿದು ಮನೆಗೆ ಹೋದಳು.

ಅದೇ ವಾರ ಇಲಾಖೆಯಿಂದ ಅನಘಾಳಿಗೆ ಪತ್ರ ಬಂತು. ಹಿರೇಕಲ್ಲೂರಿನಲ್ಲಿ ಗರ್ಭಕವಚದ ಸಾಧನೆ ಶೂನ್ಯಕ್ಕಿಳಿದಿದೆ, ಈ ವೈಫಲ್ಯಕ್ಕೆ ವಿವರಣೆ ಕೊಡಿ ಎಂದು ಕೇಳಿದ್ದರು. "ಯಾರೂ ಬೀಳಲಿಲ್ಲ" ಎಂದು ಅವಳು ಬರೆದಳು. ಉತ್ತರ ಸಮರ್ಪಕವಾಗಿಲ್ಲವೆಂದು ಕಡತ ವಾಪಸಾಯಿತು. ಅದರ ಬೆನ್ನಿಗೇ ಕಲ್ಲು ಉಜ್ಜುವ ಯಂತ್ರ ಬಂದು ಎಂಟೂ ಮೆಟ್ಟಿಲುಗಳನ್ನು ಮೊದಲಿನ ಹಾಗೆ ಫಳಫಳ ಹೊಳೆಯುವಂತೆ ಮಾಡಿ ಹೋಯಿತು.

ಇದೆಲ್ಲ ನಡೆಯಲು ಇನ್ನೂ ಮೂವತ್ತು ವರ್ಷವಿದೆ. ಅಂಥ ಕವಚ ಇವತ್ತು ಯಾರ ಬಳಿಯೂ ಇಲ್ಲ. ಅಂಥ ಮೆಟ್ಟಿಲು ಮಾತ್ರ ನಮ್ಮೂರುಗಳಲ್ಲಿ ಈಗಲೇ ಇದೆ, ಈಗಷ್ಟೇ ಒರೆಸಿದ್ದಾರೆ, ಯಾರೋ ಒಬ್ಬಳು ಹತ್ತುತ್ತಿದ್ದಾಳೆ.