ಒಂದೇ ಜಮೀನಿಗೆ ಎರಡು ಅರ್ಜಿ

“ಸರ್ಕಾರಿ ಫಾರಂ ಜಮೀನನ್ನ ಸಾಹುಕಾರರಿಗೆ ಗುತ್ತಿಗೆಗೆ ಕೊಡಕೂಡದು. ಅಲ್ಲಿ ದುಡಿಯೋ ಆಳುಗಳೇ ಸೊಸೈಟಿ ಮಾಡ್ಕಂಡು ಬೇಸಾಯ ಮಾಡ್ಲಿ.”

ರಂಗಸ್ವಾಮಿ ಮೇಜು ಗುದ್ದಿ ಹೀಗೆ ಹೇಳಿದಾಗ, ಸೋಷಲಿಸ್ಟ್ ಪಾರ್ಟಿ ಸಭೆಗೆಂದು ಸ್ಕೂಲಿನ ಮುಂದೆ ಕೂತಿದ್ದ ಜನರೆಲ್ಲ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಅವನ ಮಗಳು ಪುಟ್ಟತಾಯಿ ಮಾತ್ರ ತಟ್ಟಲಿಲ್ಲ.

ಪಕ್ಕದಲ್ಲಿದ್ದ ಮುದ್ದಿ ಮೊಣಕೈಯಿಂದ ತಿವಿದಳು. “ನಿಮ್ಮಪ್ಪಾರು ಮಾತಾಡ್ತಾವ್ರೆ, ನೀನೇ ಸುಮ್ಕೆ ಕುಂತಿದ್ದೀಯಲ್ಲೇ?”

ಮುದ್ದಿ ಅವಳ ಕ್ಲಾಸಿನವಳೇ. ಮುದ್ದಿಯ ಅಪ್ಪ ಲಕ್ಕಯ್ಯ ಆ ಫಾರಮ್ಮಿನಲ್ಲಿ ಕೂಲಿ ಆಳು. ಫಾರಂ ಲಾಸಿನಲ್ಲಿದೆ, ಗುತ್ತಿಗೆಗೆ ಕೊಟ್ಟುಬಿಡೋಣ ಎಂದು ಆಫೀಸರು ಹೇಳಿದ ದಿನದಿಂದ ಅವರ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ.

ಪುಟ್ಟತಾಯಿ ಏನು ಹೇಳಿಯಾಳು? ಹಿಂದಿನ ಸಂಜೆಯಷ್ಟೇ ಅಪ್ಪ ಅವಳ ಕೈಯಲ್ಲಿ ಒಂದು ಅರ್ಜಿ ಬರೆಸಿದ್ದ. ಅವಳ ಅಕ್ಷರ ದುಂಡಗಿದೆ, ಅದಕ್ಕೆ. ಅದೇ ಫಾರಮ್ಮಿನ ಇಪ್ಪತ್ತು ಎಕರೆ ಗುತ್ತಿಗೆಗೆ ಬೇಕು ಎಂದು ಅದರಲ್ಲಿತ್ತು. ಹೆಸರು ಅಮ್ಮನ ತಮ್ಮ ದೇವರಾಜು ಮಾವನದು. ಹೆಸರು ಯಾರದಾದರೇನು, ಬೇಸಾಯ ನಮ್ಮದೇ ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ಅವಳಿಗೆ ಕೇಳಿಸಿತ್ತು.

ಮಾರನೆಯ ಬೆಳಿಗ್ಗೆ ಲಕ್ಕಯ್ಯ, ಪಾಪಯ್ಯ, ದ್ಯಾವಯ್ಯ, ಇನ್ನೂ ಏಳೆಂಟು ಜನ ಫಾರಂ ಆಳುಗಳು ಅಂಗಳಕ್ಕೆ ಬಂದು ನಿಂತರು. ಆಳುಗಳ ಸೊಸೈಟಿಗೇ ಜಮೀನು ಕೊಡಿ ಎಂದು ಸರ್ಕಾರಕ್ಕೊಂದು ಅರ್ಜಿ ಬರೆದುಕೊಡಬೇಕಿತ್ತು. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಅಪ್ಪ ಮಗಳನ್ನೇ ಕರೆದು ಬರೆಯಲು ಹೇಳಿದ.

ಪುಟ್ಟತಾಯಿ ಬರೆಯತೊಡಗಿದಳು. ‘ಸದರಿ ಜಮೀನು’, ‘ಇಪ್ಪತ್ತು ಎಕರೆ’... ಮೊನ್ನೆ ಬರೆದ ಮಾತುಗಳೇ ಮತ್ತೆ ಬಂದವು. ಒಬ್ಬೊಬ್ಬರೇ ಹೆಸರು ಹೇಳಿದರು.

“ನಿಮ್ಮಪ್ಪಾರು ಇರೋದ್ರಿಂದ ನಮ್ಗೆ ಧೈರ್ಯ ಕಣವ್ವ,” ಎಂದ ಲಕ್ಕಯ್ಯ.

ಪೆನ್ನು ನಿಂತಿತು.

“ದೇವರಾಜ್ ಮಾವಂದೂ ಒಂದು ಅರ್ಜಿ ಐತೆ, ಅದೇ ಜಮೀನ್ಗೆ,” ಎಂದಳು ತಲೆ ಎತ್ತದೆ. “ನಾನೇ ಬರ್ದೆ. ಅಪ್ಪನೇ ಬರ್ಸ್ತು.”

ಪಾಪಯ್ಯ ದ್ಯಾವಯ್ಯನ ಮುಖ ನೋಡಿದ. ಲಕ್ಕಯ್ಯ ಬೈದಾದರೂ ಬೈಯಲಿ ಎಂದು ಪುಟ್ಟತಾಯಿ ಕಾದಳು.

“ಬರಿಯವ್ವಾ,” ಎಂದ ಅವನು ಮೆಲ್ಲಗೆ. “ಇನ್ನೂ ನಾಕ್ ಜನದ ಎಸ್ರು ಐತೆ.”

ಅವಳು ಬರೆದಳು. ಆ ನಾಲ್ಕು ಹೆಸರು ಡೊಂಕುಡೊಂಕಾದವು. ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ಆಗ ಅಪ್ಪ ಗಂಟಲು ಸರಿಮಾಡಿಕೊಂಡ. ನಾಳೆ ಹೊಳೆನರಸೀಪುರಕ್ಕೆ ಹೋಗುತ್ತೇನೆ, ತಾಲ್ಲೂಕು ಕಚೇರಿಗೆ ನಾನೇ ಕೊಡುತ್ತೇನೆ ಎಂದು ಹೇಳಿ ಹಾಳೆಗೆ ಕೈ ಚಾಚಿದ.

ಪುಟ್ಟತಾಯಿ ಹಾಳೆ ಮಡಚಿದಳು. ಜಗಲಿ ಇಳಿದು ಹೋಗಿ ಅದನ್ನು ಲಕ್ಕಯ್ಯನ ಕೈಗೆ ಕೊಟ್ಟಳು.

“ನಾವೇ ನಡ್ಕಂಡೋಯ್ತೀವಿ ಗೌಡ್ರೆ,” ಎಂದು ಹೇಳಿ ಲಕ್ಕಯ್ಯ ಹೊರಟ. ಉಳಿದವರೂ ಹಿಂದೆಯೇ ಹೋದರು.

ಈಗ ಅಪ್ಪ ರೇಗುತ್ತಾನೆ ಎಂದುಕೊಂಡು ಅವಳು ಅಂಗಳದಲ್ಲೇ ನಿಂತಳು. ಅಪ್ಪ ರೇಗಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ಖಾಲಿ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ. ಅವನಿಗೂ ತನ್ನಷ್ಟೇ ನಾಚಿಕೆಯಾಗಿದೆ ಎಂದು ಅವಳಿಗೆ ಗೊತ್ತಾಯಿತು.

ಅವಳು ಒಳಗೆ ಹೋಗಲಿಲ್ಲ. ಅಪ್ಪನಿಂದ ಸ್ವಲ್ಪ ದೂರದಲ್ಲಿ, ಅದೇ ಜಗಲಿಯ ಮೇಲೆ ಕೂತಳು.