ಶಿವಣೆ ಮರದ ಎದೆಪದಕ

ಟಿವಿಯಲ್ಲಿ ಕರ್ಕಿ ಮೇಳದ ಯಜಮಾನ ಅನಂತಮೂರ್ತಿ ಹೆಗಡೆ ಆ ಪದಕವನ್ನು ಎತ್ತಿ ಹಿಡಿದು, "ಇದು ನಮ್ಮ ಮುತ್ತಜ್ಜನ ಕಾಲದ್ದು, ಯಾರು ಕೆತ್ತಿದ್ದೋ ಗೊತ್ತಿಲ್ಲ" ಎಂದಾಗ ನಿತ್ಯಾನಂದ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಯಕ್ಷಗಾನದ ರಾಜವೇಷದವರು ಎದೆಯ ಮೇಲೆ ಕಟ್ಟಿಕೊಳ್ಳುವ ಆ ಶಿವಣೆ ಮರದ ಪದಕವನ್ನು ಕೆತ್ತಿದವನು ಅವನ ಅಪ್ಪ ವೆಂಕಟ. ಹೊಳನಗದ್ದೆಯ ಇದೇ ಜಗಲಿಯಲ್ಲಿ ಕೂತು ಕೆತ್ತಿದ್ದು. ಎರಡು ಗಿಳಿ, ನಡುವೆ ಅರಳಿದ ತಾವರೆ. ಅಪ್ಪ ಸತ್ತಾಗ ಕರ್ಕಿಯ ಆ ಮೇಳದ ಮನೆಯಿಂದ ಒಬ್ಬರೂ ಬಂದಿರಲಿಲ್ಲ.

"ಅದು ನಿನ್ನ ಅಪ್ಪ ಮಾಡಿದ್ದಲ್ವಾ?" ತಾಯಿ ಈರಮ್ಮ ಕೇಳಿದಳು. "ಹೆಗಡೇರಿಗೆ ಮರ್ತೇ ಹೋಯ್ತಾ?"

"ಮರ್ತದ್ದಲ್ಲ ಅಮ್ಮ. ಹೇಳೂಕೆ ಮನಸ್ಸಿಲ್ಲ."

ಆ ರಾತ್ರಿಯೇ ಅವನು ನಿಶ್ಚಯಿಸಿದ: ಅಪ್ಪನ ಕೆಲಸ ಅಪ್ಪನ ಮನೆಗೆ ಬರಬೇಕು. ಅದರ ಜಾಗದಲ್ಲಿ ಯಂತ್ರ ಕೆತ್ತಿದ ನಕಲು ಕೂರಬೇಕು. ಅದನ್ನೇ ಹೆಗಡೆ ಮುತ್ತಜ್ಜನದೆಂದು ಊರೂರು ತೋರಿಸಿ ಮೆರೆಯಬೇಕು. ಅದನ್ನು ನೋಡಿ ಒಳಗೊಳಗೇ ನಗುವವನು ತಾನೊಬ್ಬನೇ ಆಗಿರಬೇಕು.

ಅಪ್ಪನ ಕೈ ಅವನಿಗೆ ಬಂದಿರಲಿಲ್ಲ. ಉಳಿ ಹಿಡಿದರೆ ಮರ ಸೀಳುತ್ತಿತ್ತು. ಹಾಗಾಗಿಯೇ ಹಿತ್ತಲ ಶೆಡ್ಡಿನಲ್ಲಿ, ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಸಿಎನ್‌ಸಿ ರೌಟರ್ ಒಂದನ್ನು ಕಟ್ಟುತ್ತಿದ್ದ. ಭಟ್ಕಳದ ಗುಜರಿಯಲ್ಲಿ ಬಿದ್ದಿದ್ದ ಝೆರಾಕ್ಸ್ ಯಂತ್ರಗಳಿಂದ ಮೋಟಾರು ಬಿಚ್ಚಿ ತಂದಿದ್ದ. ಹೊನ್ನಾವರದಲ್ಲಿ ಕಿಟಕಿ ಮಾಡುವವನ ಹತ್ತಿರ ಅಲ್ಯೂಮಿನಿಯಂ ಚೌಕಟ್ಟು, ಕುಮಟೆಯ ಲೇತಿನಲ್ಲಿ ತಿರುಪಿನ ಸರಳು. ಮೊದಮೊದಲು ಯಂತ್ರದ ಅಡ್ಡತೊಲೆ ನಡುಗಿ ಗಿಳಿಯ ಕೊಕ್ಕು ಕಾಗೆಯದಾಗುತ್ತಿತ್ತು. ಕೆಟ್ಟ ಹಲಗೆಗಳನ್ನು ಈರಮ್ಮ ಬಚ್ಚಲ ಒಲೆಗೆ ತುರುಕುತ್ತಿದ್ದಳು.

"ನಿನ್ನ ಗಿಳಿಯೆಲ್ಲ ಸ್ನಾನದ ನೀರಿಗೇ ಹುಟ್ಟಿದ್ದಾ ಮಾರಾಯ?"

ಅವನು ನಗಲಿಲ್ಲ. ತೊಲೆಗೆ ಅಡ್ಡಪಟ್ಟಿ ಬಿಗಿದ, ವೇಗ ಇಳಿಸಿದ. ಗಿಳಿ ಗಿಳಿಯಾಯಿತು.

ಮೇಳದ ಮೈಕ್ ಸೆಟ್ ರಿಪೇರಿ ಅವನದೇ ಕೆಲಸ. ಆ ನೆಪದಲ್ಲಿ ಕರ್ಕಿಗೆ ಹೋದಾಗ ಪದಕದ ಫೋಟೋ ಕೇಳಿದ.

"ತೆಗಿಯೋ. ಮುಟ್ಟೂಕೆ ಮಾತ್ರ ಹೋಗ್ಬೇಡ, ಹಳೇ ಸಾಮಾನು," ಎಂದ ಹೆಗಡೆ. ತಾನೇ ಹಿಡಿದು ಎಲ್ಲ ಮಗ್ಗುಲಿಗೂ ತಿರುಗಿಸಿ ತೋರಿಸಿದ. ಅಪ್ಪನ ಕೆಲಸವನ್ನು ಮಗ ಮುಟ್ಟಬಾರದು! ನಿತ್ಯಾನಂದ ಹಲ್ಲು ಕಚ್ಚಿ ಫೋನ್ ಒತ್ತುತ್ತ ಹೋದ. ಆ ಫೋಟೋಗಳನ್ನು ಕಂಪ್ಯೂಟರ್ ಜೋಡಿಸಿ ಉಬ್ಬುತಗ್ಗುಗಳ ಆಕಾರ ಕಟ್ಟಿಕೊಟ್ಟಿತು.

ಹಳೆಯ ಶಿವಣೆ ಹಲಗೆ ಅಪ್ಪನದೇ ಅಟ್ಟದಲ್ಲಿ ಸಿಕ್ಕಿತು. ಯಂತ್ರ ಹಿಂಬದಿಯನ್ನು ಸಮಗೊಳಿಸಿ, ಮುಂಬದಿಯನ್ನು ಎಸಳೆಸಳಾಗಿ ಬಿಡಿಸಿತು. ಮುಂಬದಿಯಲ್ಲಿ ಯಂತ್ರ ಬಿಟ್ಟ ಗೆರೆಗಳನ್ನು ಉಪ್ಪುಕಾಗದದಿಂದ ಉಜ್ಜಿ ಅಳಿಸಿದ. ಚಹಾ ಡಿಕಾಕ್ಷನ್ ಸವರಿದ, ಸೂಜಿ ಕಾಯಿಸಿ ಹುಳ ಕೊರೆದಂಥ ತೂತು ಮಾಡಿದ, ಚಿನ್ನದ ಬಣ್ಣ ಬಳಿದು ತೆಂಗಿನ ಸಿಪ್ಪೆಯಿಂದ ತಿಕ್ಕಿ ಮಂಕಾಗಿಸಿದ. ಹಿಂದೆ ಮೂಲದಲ್ಲಿದ್ದಂಥದ್ದೇ ಕೆಂಪು ಬಟ್ಟೆ ಅಂಟಿಸಿದ. ಅಪ್ಪ ಬಂದರೂ ತನ್ನದೆಂದೇ ಎತ್ತಿಕೊಂಡಾನು ಅನ್ನಿಸಿತು.

ಹೊನ್ನಾವರದಲ್ಲಿ ಮೇಳದ ಸನ್ಮಾನ ಸಮಾರಂಭದ ದಿನ ಮಧ್ಯಾಹ್ನ ವೇಷ ಕಟ್ಟುವ ಚೌಕಿಗೆ ಮೈಕಿನ ತಂತಿ ಹಿಡಿದು ಹೋದ. ಎಲ್ಲರೂ ಊಟಕ್ಕೆ ಎದ್ದಿದ್ದರು. ವೇಷದ ಪೆಟ್ಟಿಗೆಯ ಮುಚ್ಚಳ ತೆರೆದು, ನಕಲನ್ನಿಟ್ಟು ಮುಚ್ಚುವಷ್ಟೇ ಕೆಲಸ. ಅಪ್ಪನ ಪದಕ ಮೈಕಿನ ಚೀಲ ಸೇರಿ, ಬೈಕಿನಲ್ಲಿ ಮನೆಗೆ ಬಂದು, ಅಟ್ಟ ಹತ್ತಿತು. ಸಮಾರಂಭಕ್ಕೆ ಮರಳುವಾಗ ತಾಯಿಯನ್ನೂ ಹಿಂದೆ ಕೂರಿಸಿಕೊಂಡ. ಅವಳಿಗೆ ಯಕ್ಷಗಾನದ ಆಟವೆಂದರೆ ಜೀವ.

ಹೆಗಡೆ ವೇದಿಕೆಯಲ್ಲಿ ಪದಕ ಎತ್ತಿ ಹಿಡಿದ. ಜನ ಕತ್ತು ಚಾಚಿದರು. ನಿತ್ಯಾನಂದನ ತುಟಿಯಂಚಿನಲ್ಲಿ ನಗು ಬಂತು.

"ಟಿವಿಯಲ್ಲಿ ನಾನೊಂದು ತಪ್ಪು ಹೇಳಿಬಿಟ್ಟೆ," ಹೆಗಡೆಯ ದನಿ ಕುಗ್ಗಿತ್ತು. "ಇದು ಮುತ್ತಜ್ಜನ ಕಾಲದ್ದಲ್ಲ. ಹೊಳನಗದ್ದೆಯ ವೆಂಕಟ ನನ್ನ ಅಪ್ಪಯ್ಯನಿಗೆ ಕೆತ್ತಿಕೊಟ್ಟಿದ್ದು. ಅವನ ಹೆಸರು ನಾವು ಯಾರೂ ಹೇಳಲಿಲ್ಲ. ಈರಮ್ಮ ಇಲ್ಲೇ ಇದ್ದಾಳೆ, ಅವಳ ಮಗನೂ ಇದ್ದಾನೆ. ಇಬ್ಬರೂ ಮೇಲೆ ಬನ್ನಿ."

ಈರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿದಳು. ಮಗ ಅವಳ ಹಿಂದೆ ನಡೆದ. ಇರಲಿ, ನಾಳೆಯೇ ಕರ್ಕಿಗೆ ಹೋಗಿ ಮೂಲವನ್ನು ಪೆಟ್ಟಿಗೆಗೆ ಸೇರಿಸಿಬಿಟ್ಟರಾಯಿತು ಎಂದುಕೊಂಡ.

"ಟಿವಿಯಲ್ಲಿ ಬಂದ ಮೇಲೆ ಹಿಂದಿನ ಬಟ್ಟೆಯ ಮೂಲೆ ಎದ್ದಿದ್ದು ಕಂಡೆ," ಹೆಗಡೆ ಪದಕವನ್ನು ಅವನ ಕೈಗಿಟ್ಟ. "ಸುಲಿದು ನೋಡಿದರೆ ವೆಂಕಟ ಉಳಿಯಲ್ಲಿ ತನ್ನ ಹೆಸರು ಕೊರೆದಿದ್ದ. ಎಲ್ಲರೆದುರೇ ತೋರಿಸ್ಬೇಕು ಅಂತ ಮತ್ತೆ ಅಂಟಿಸಿಟ್ಟೆ. ನಿನ್ನ ಕೈಯಾರೆ ಬಿಚ್ಚೋ." ಸಭೆ ಚಪ್ಪಾಳೆ ತಟ್ಟಿತು. ನಿತ್ಯಾನಂದನ ಬೆರಳು ಏಳಲಿಲ್ಲ. "ನಾಚಿಕೆ ಎಂತದು ಮಗಾ," ಎಂದು ಈರಮ್ಮನೇ ಬಟ್ಟೆಯ ಮೂಲೆ ಹಿಡಿದು ಎಳೆದಳು. ಹೆಸರಿರಲಿಲ್ಲ. ಹೊಸದಾಗಿ ಕೆತ್ತಿದ ಮರದ ಬಿಳುಪಿನ ಮೇಲೆ ಯಂತ್ರ ಎಳೆದ ಗೆರೆಗಳು ಒಂದರ ಪಕ್ಕ ಒಂದು, ನೂಲು ಹಿಡಿದಷ್ಟು ನೇರವಾಗಿ ಮಲಗಿದ್ದವು. ಬಚ್ಚಲ ಒಲೆಯೆದುರು ಕೂತು ಆ ಗೆರೆಗಳನ್ನು ಎಷ್ಟೋ ಸಲ ನೋಡಿದ್ದ ಈರಮ್ಮ, ಮೈಕಿನ ಮುಂದೆಯೇ ಮಗನ ಮುಖ ನೋಡಿ ಕೇಳಿದಳು: "ಇದು ನಿನ್ನ ಮಿಷಿನ್ನಿಂದಲ್ವನಾ?"